ಬಣ್ಣವೋ, ಕಪ್ಪುಬಿಳುಪೋ? ಛಾಯಾಚಿತ್ರ ನಡೆದುಬಂದ ದಾರಿ

ನಿಮ್ಮ ಮನೆಯ ಪೆಟ್ಟಿಗೆಯಲ್ಲೋ ಕಪಾಟಿನಲ್ಲೋ ಹಳೆಯ ಛಾಯಾಚಿತ್ರಗಳ ಒಂದು ಕಟ್ಟು ಇದ್ದೇ ಇರುತ್ತದೆ. ಅದನ್ನು ಬಿಚ್ಚಿ ಹರಡಿದರೆ ಒಂದು ಸೋಜಿಗ ಕಣ್ಣಿಗೆ ಬೀಳುತ್ತದೆ. ಅಜ್ಜ ಅಜ್ಜಿಯರ ಮದುವೆಯ ಕಪ್ಪುಬಿಳುಪು ಚಿತ್ರ ಅರುವತ್ತು ಎಪ್ಪತ್ತು ವರ್ಷಗಳ ಬಳಿಕವೂ ಸ್ಪಷ್ಟವಾಗಿ ಉಳಿದಿದೆ; ಮೊಮ್ಮಕ್ಕಳ ಜ್ಞಾನಸ್ನಾನದಂದು 1980ರ ಸುಮಾರಿಗೆ ಹೆಚ್ಚು ಹಣ ತೆತ್ತು ತೆಗೆಸಿದ ಬಣ್ಣದ ಚಿತ್ರವಾದರೋ ಕೆಂಪಡರಿ ಮಂಕಾಗಿದೆ. ಹಳೆಯದು ಉಳಿಯಿತು, ಹೊಸದು ಅಳಿಯಿತು.

ಈ ಸಣ್ಣ ಸೋಜಿಗದ ಹಿಂದೆ ದೀರ್ಘವಾದ ಚರಿತ್ರೆಯಿದೆ. ಛಾಯಾಚಿತ್ರ ಹುಟ್ಟಿದ ದಿನದಿಂದಲೂ ಮನುಷ್ಯ ಒಂದು ಪ್ರಶ್ನೆಯನ್ನು ಕೇಳುತ್ತಾ ಬಂದಿದ್ದಾನೆ: ಬಣ್ಣ ನಿಜಕ್ಕೆ ಹತ್ತಿರವೋ, ಕಪ್ಪುಬಿಳುಪು ಹತ್ತಿರವೋ? ಮೇಲುನೋಟಕ್ಕೆ ಇದು ಅಂದಚಂದದ ಪ್ರಶ್ನೆ. ಆದರೆ ಚರಿತ್ರೆಯ ಪುಟಗಳನ್ನು ತಿರುವಿದಾಗ ಇದರೊಳಗೆ ಮತ್ತೊಂದು ಪ್ರಶ್ನೆ ಅಡಗಿರುವುದು ತಿಳಿಯುತ್ತದೆ. ಚಿತ್ರದೊಳಗಿರುವ ವ್ಯಕ್ತಿಗೆ ನಾವು ಸಲ್ಲಿಸಬೇಕಾದುದೇನು? ಬನ್ನಿ, ಆ ದಾರಿಯಲ್ಲಿ ಸ್ವಲ್ಪ ದೂರ ನಡೆದು ನೋಡೋಣ.

ಆಯ್ಕೆಯೇ ಇಲ್ಲದ ಕಾಲ

ಫ್ರಾನ್ಸಿನ ನಿಸೆಫೋರ್ ನಿಯೆಪ್ಸ್ 1826-27ರ ಸುಮಾರಿಗೆ ತನ್ನ ಮನೆಯ ಕಿಟಕಿಯಿಂದ ಕಂಡ ನೋಟವನ್ನು ಲೋಹದ ತಗಡಿನ ಮೇಲೆ ಮೂಡಿಸಿದನು. 1839ರಲ್ಲಿ ಲೂಯಿ ದಗೇರ್‌ನ ವಿಧಾನವನ್ನು ಫ್ರೆಂಚ್ ಸರ್ಕಾರ ಲೋಕಕ್ಕೆ ಬಹಿರಂಗಪಡಿಸಿತು. ಬೆಳ್ಳಿಯ ಲವಣಗಳು ಬೆಳಕು ತಾಕಿದಾಗ ಕಪ್ಪಾಗುತ್ತವೆ ಎಂಬ ಗುಣವೇ ಮುಂದಿನ ಛಾಯಾಗ್ರಹಣಕ್ಕೆಲ್ಲ ತಳಹದಿಯಾಯಿತು. ಬೆಳಕು ಎಷ್ಟು ಎಂಬುದನ್ನು ಬೆಳ್ಳಿ ಹೇಳಬಲ್ಲದು. ಅದು ಯಾವ ಬಣ್ಣದ್ದು ಎಂಬುದನ್ನು ಹೇಳಲಾರದು. ಹೀಗಾಗಿ ಕಪ್ಪುಬಿಳುಪನ್ನು ಅಂದು ಯಾರೂ ಆಯ್ದುಕೊಂಡದ್ದಲ್ಲ. ಅದೊಂದು ಅನಿವಾರ್ಯತೆಯಾಗಿತ್ತು.

ಆ ಕೊರತೆಯನ್ನು ಜನರು ಒಪ್ಪಿಕೊಂಡು ಸುಮ್ಮನಿರಲೂ ಇಲ್ಲ. ಕೆಲವೇ ವರ್ಷಗಳಲ್ಲಿ ಕುಂಚ ಹಿಡಿದು ಚಿತ್ರದ ಕೆನ್ನೆಗೆ ಕೆಂಪನ್ನೂ ಆಭರಣಕ್ಕೆ ಹೊನ್ನಿನ ಹೊಳಪನ್ನೂ ಬಳಿಯುವ ಕಸುಬು ಯೂರೋಪಿನಲ್ಲಿ ಬೆಳೆಯಿತು. ನಮ್ಮ ದೇಶದಲ್ಲಂತೂ ಇದು ವಿಶೇಷ ಕಲೆಯೇ ಆಯಿತು. ರಾಜಸ್ಥಾನ, ಗುಜರಾತಿನ ಸಂಸ್ಥಾನಗಳಲ್ಲಿ ಪರಂಪರೆಯ ಚಿತ್ರಕಾರರು ಅರಸರ ಛಾಯಾಚಿತ್ರಗಳ ಮೇಲೆ ದಟ್ಟವಾಗಿ ಬಣ್ಣ ಹಚ್ಚಿದರು. ಎಷ್ಟೋ ಚಿತ್ರಗಳಲ್ಲಿ ಮುಖವೊಂದನ್ನು ಬಿಟ್ಟರೆ ಕೆಳಗಿರುವುದು ಛಾಯಾಚಿತ್ರವೆಂಬುದೇ ತಿಳಿಯದು.

ಇಲ್ಲಿ ನಾವು ಗಮನಿಸಬೇಕಾದ ಸಂಗತಿಯೊಂದಿದೆ. ಅಂದಿನ ಕಪ್ಪುಬಿಳುಪು ಚಿತ್ರಗಳು ಬೆಳಕನ್ನು ಕೂಡ ಪೂರ್ತಿಯಾಗಿ ನಿಜ ಹೇಳುತ್ತಿರಲಿಲ್ಲ. ಮೊದಲ ಗಾಜಿನ ಫಲಕಗಳಿಗೆ ನೀಲಿ ಬೆಳಕು ಮಾತ್ರ ಚೆನ್ನಾಗಿ ಕಾಣುತ್ತಿತ್ತು. ಕೆಂಪು ಕಾಣುತ್ತಲೇ ಇರಲಿಲ್ಲ. ಅದರಿಂದ ನೀಲಿ ಆಕಾಶ ಬರಿಯ ಬಿಳಿಯ ಹಾಳೆಯಂತೆ, ಕೆಂಪು ಬಟ್ಟೆ ಮಸಿಯಂತೆ ಮೂಡುತ್ತಿತ್ತು. 1854ರ ಡಿಸೆಂಬರಿನಲ್ಲಿ ಲಿನ್ನೇಯಸ್ ಟ್ರೈಪ್ ಎಂಬ ಸೇನಾಧಿಕಾರಿ ಬೇಲೂರು, ಹಳೇಬೀಡುಗಳ ಛಾಯಾಚಿತ್ರಗಳನ್ನು ತೆಗೆದನು. ಇಂಥವರ ಕಾಲದಲ್ಲಿ ಮೋಡಗಳನ್ನು ತೋರಿಸಬೇಕಾದರೆ ಅವನ್ನು ನೆಗೆಟಿವಿನ ಮೇಲೆ ಕೈಯಿಂದಲೇ ಬರೆಯಬೇಕಾಗುತ್ತಿತ್ತು. 1873ರಲ್ಲಿ ಜರ್ಮನಿಯ ಹರ್ಮನ್ ಫೋಗಲ್ ಹಸಿರನ್ನೂ ಗ್ರಹಿಸುವ ಫಲಕದ ಮಾರ್ಗವನ್ನು ಕಂಡುಹಿಡಿದನು. ಎಲ್ಲ ಬಣ್ಣಗಳ ಬೆಳಕನ್ನು ಗ್ರಹಿಸುವ ಫಲಕಗಳು ಇಂಗ್ಲೆಂಡಿನಲ್ಲಿ 1906ರಲ್ಲಿ ಮಾರಾಟಕ್ಕೆ ಬಂದವು. ಆದರೂ ಕೆಂಪನ್ನು ಕಾಣದ ಅಗ್ಗದ ಫಿಲ್ಮು ಬಹುಕಾಲ ಬಳಕೆಯಲ್ಲಿ ಉಳಿಯಿತು.

ಹಳೆಯ ಚಿತ್ರದಲ್ಲಿ ನಿಮ್ಮ ಮುತ್ತಜ್ಜಿ ಕಪ್ಪು ಸೀರೆ ಉಟ್ಟು ನಿಂತಿದ್ದರೆ, ಅದು ಕಪ್ಪೇ ಎಂದು ನಂಬಬೇಡಿ. ಕರಾವಳಿಯ ಕಥೊಲಿಕ ಮನೆಗಳಲ್ಲಿ ಮದುಮಗಳಿಗೆ ಉಡಿಸುತ್ತಿದ್ದ ‘ಸಾಡೊ’ ಕೆಂಪು ಸೀರೆ. ಇಂಥ ಫಿಲ್ಮಿನಲ್ಲಿ ಅದು ಕರಿಯದಾಗಿಯೇ ಕಾಣುತ್ತದೆ. ಮಂಗಳದ ಬಣ್ಣವು ಶೋಕದ ಬಣ್ಣವಾಗಿ ತೋರುವುದು ಹೀಗೆ.

ಬಣ್ಣವನ್ನು ಹಿಡಿದವರು

ಬಣ್ಣವನ್ನು ಬೆಳಕಿನಿಂದಲೇ ಹಿಡಿಯುವ ಸೂತ್ರವನ್ನು ತೋರಿಸಿಕೊಟ್ಟವನು ಸ್ಕಾಟ್ಲೆಂಡಿನ ವಿಜ್ಞಾನಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್. 1861ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಅವನು ಒಂದು ಪಟ್ಟೆಪಟ್ಟೆಯ ರಿಬ್ಬನ್ನಿನ ಚಿತ್ರವನ್ನು ಪ್ರದರ್ಶಿಸಿದನು. ಅದೇ ರಿಬ್ಬನ್ನನ್ನು ಕೆಂಪು, ಹಸಿರು, ನೀಲಿ ಸೋಸುಗಗಳ ಮೂಲಕ ಮೂರು ಬಾರಿ ಕಪ್ಪುಬಿಳುಪಿನಲ್ಲಿ ತೆಗೆಯಲಾಗಿತ್ತು. ಆ ಮೂರನ್ನೂ ಅದೇ ಬಣ್ಣದ ಬೆಳಕಿನಲ್ಲಿ ಒಂದರ ಮೇಲೊಂದು ತೆರೆಯ ಮೇಲೆ ಬಿಟ್ಟಾಗ ಬಣ್ಣದ ರಿಬ್ಬನ್ನು ಮೈದಳೆಯಿತು. ಕೆಂಪನ್ನೇ ಕಾಣದ ಅಂದಿನ ಫಲಕದಲ್ಲಿ ಕೆಂಪಿನ ಅಚ್ಚು ಹೇಗೆ ಮೂಡಿತು ಎಂಬುದು ಸುಮಾರು ನೂರು ವರ್ಷ ಒಗಟಾಗಿಯೇ ಇತ್ತು. ಆ ಕೆಂಪು ನೂಲು ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳನ್ನೂ ಪ್ರತಿಫಲಿಸಿತ್ತು, ಫಲಕ ಹಿಡಿದದ್ದು ಅದನ್ನೇ ಎಂದು ಸಂಶೋಧಕರು ಬಳಿಕ ವಿವರಿಸಿದರು. ದಾರಿ ಸರಿಯಾಗಿತ್ತು, ಅದೃಷ್ಟವೂ ಕೈಹಿಡಿದಿತ್ತು.

ಚಲನಚಿತ್ರದಿಂದ ಹೆಸರಾದ ಲ್ಯುಮಿಯೇರ್ ಸಹೋದರರು 1907ರಲ್ಲಿ ‘ಆಟೊಕ್ರೋಮ್’ ಎಂಬ ಫಲಕವನ್ನು ಮಾರುಕಟ್ಟೆಗೆ ತಂದರು. ಅದರ ಗುಟ್ಟು ನಮ್ಮ ಅಡಿಗೆಮನೆಯ ಆಲೂಗಡ್ಡೆಯಲ್ಲಿತ್ತು! ಆಲೂಗಡ್ಡೆಯ ಪಿಷ್ಟದ ಅತಿಸೂಕ್ಷ್ಮ ಕಣಗಳಿಗೆ ಕಿತ್ತಳೆ, ಹಸಿರು, ನೇರಳೆ ಬಣ್ಣ ಕಟ್ಟಿ ಗಾಜಿನ ಮೇಲೆ ಹರಡುತ್ತಿದ್ದರು. ಒಂದೊಂದು ಕಣವೂ ಒಂದೊಂದು ಸೋಸುಗವಾಗಿ ಕೆಲಸ ಮಾಡುತ್ತಿತ್ತು. ಪ್ಯಾರಿಸಿನ ಸಿರಿವಂತ ಆಲ್ಬರ್ಟ್ ಕಾನ್ ಇದನ್ನು ನಂಬಿ ಒಂದು ಮಹಾಕಾರ್ಯಕ್ಕೆ ಕೈಹಾಕಿದನು. ಜನರು ಒಬ್ಬರನ್ನೊಬ್ಬರು ಅರಿತರೆ ಯುದ್ಧ ನಿಂತೀತು ಎಂಬುದು ಅವನ ಆಸೆ. 1909ರಿಂದ 1931ರವರೆಗೆ ಅವನು ಕಳುಹಿಸಿದ ಛಾಯಾಗ್ರಾಹಕರು ಭಾರತವೂ ಸೇರಿದಂತೆ ಅನೇಕ ದೇಶಗಳಿಂದ ಸುಮಾರು 72,000 ಬಣ್ಣದ ಫಲಕಗಳನ್ನು ತಂದರು. ನಡುವೆ ಮೊದಲ ಮಹಾಯುದ್ಧ ಬಂತು. 1929ರ ಆರ್ಥಿಕ ಕುಸಿತ ಕಾನ್‌ನ ಸಂಪತ್ತನ್ನು ನುಂಗಿತು. ಯುದ್ಧ ನಿಲ್ಲಲಿಲ್ಲ, ಆದರೆ ಆ ಮುಖಗಳು ಉಳಿದವು.

1935ರಲ್ಲಿ ‘ಕೊಡಕ್ರೋಮ್’ ಫಿಲ್ಮು ಬಂತು. ಅದನ್ನು ರೂಪಿಸಿದ ಲಿಯೊಪೋಲ್ಡ್ ಮ್ಯಾನ್ಸ್ ಮತ್ತು ಲಿಯೊಪೋಲ್ಡ್ ಗಾಡೋಸ್ಕಿ ಇಬ್ಬರೂ ವೃತ್ತಿಯಿಂದ ಸಂಗೀತಗಾರರು. ಮೊದಲು ಚಲನಚಿತ್ರಕ್ಕೆ, ಮರುವರ್ಷ ಸ್ಥಿರಚಿತ್ರಕ್ಕೆ ದೊರೆತ ಈ ಫಿಲ್ಮಿನಿಂದಾಗಿ ಬಣ್ಣ ಸಾಮಾನ್ಯ ಕ್ಯಾಮರಾದೊಳಗೂ ಬಂದು ಕುಳಿತಿತು. ನಿಜವಾದ ಆಯ್ಕೆ ಹುಟ್ಟಿದ್ದು ಆಗಲೇ.

ಬಣ್ಣ ಬಂದರೂ ಬಿಡದ ಕಪ್ಪುಬಿಳುಪು

ಬಣ್ಣ ಕೈಗೆ ಸಿಕ್ಕಿದ ಮೇಲೆ ಎಲ್ಲರೂ ಅದನ್ನೇ ಹಿಡಿಯಬೇಕಿತ್ತು ಎಂದು ನೀವು ಭಾವಿಸಬಹುದು. ಹಾಗಾಗಲಿಲ್ಲ. ಪತ್ರಿಕೆಗಳು ಅಚ್ಚಾಗುತ್ತಿದ್ದುದು ಕಪ್ಪುಬಿಳುಪಿನಲ್ಲಿ. ಆ ಫಿಲ್ಮನ್ನು ಛಾಯಾಗ್ರಾಹಕ ತನ್ನ ಕತ್ತಲೆಕೋಣೆಯಲ್ಲಿ ತಾನೇ ತೊಳೆದು ಅದೇ ರಾತ್ರಿ ಪತ್ರಿಕೆಗೆ ಮುಟ್ಟಿಸಬಹುದಿತ್ತು. ಬಣ್ಣದ ಫಿಲ್ಮು ದೂರದ ಪ್ರಯೋಗಾಲಯಕ್ಕೆ ಹೋಗಿ ಬರಬೇಕಿತ್ತು. ಬಣ್ಣ ಹೆಚ್ಚಾಗಿ ಕಾಣಿಸುತ್ತಿದ್ದುದು ಜಾಹೀರಾತುಗಳಲ್ಲಿ. ಹೀಗೆ ಬಣ್ಣವೆಂದರೆ ಮಾರಾಟ, ಕಪ್ಪುಬಿಳುಪೆಂದರೆ ಸತ್ಯ ಎಂಬ ಭಾವನೆ ಬೇರೂರಿತು. ಅಮೆರಿಕದ ವಾಕರ್ ಇವಾನ್ಸ್‌ರಂಥ ಹಿರಿಯರು ಬಣ್ಣವನ್ನು ಒರಟೆಂದು ಹೀಗಳೆದರು. 1976ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ವಿಲಿಯಂ ಎಗಲ್‌ಸ್ಟನ್‌ರ ಬಣ್ಣದ ಚಿತ್ರಗಳನ್ನು ಪ್ರದರ್ಶಿಸಿದಾಗ ವಿಮರ್ಶಕರು ಕಟುವಾಗಿಯೇ ಬರೆದರು. ‘ನ್ಯೂಯಾರ್ಕ್ ಟೈಮ್ಸ್’ ತನ್ನ ಮುಖಪುಟದಲ್ಲಿ ಬಣ್ಣದ ಸುದ್ದಿಚಿತ್ರ ಪ್ರಕಟಿಸಲು 1997ರವರೆಗೆ ಕಾಯಿತು.

ನಮ್ಮಲ್ಲಿ ಈ ಒಲವಿಗೆ ಕೊರತೆಯ ಕಾರಣವೂ ಇತ್ತು. ವಿದೇಶಿ ಫಿಲ್ಮಿನ ಆಮದಿಗೆ ಕಟ್ಟುನಿಟ್ಟಿನ ಮಿತಿಯಿತ್ತು. ನಮ್ಮ ಗಡಿಗೆ ತಾಗಿದ ನೀಲಗಿರಿಯ ಉದಕಮಂಡಲದಲ್ಲಿ ಕೇಂದ್ರ ಸರ್ಕಾರ ‘ಹಿಂದುಸ್ಥಾನ್ ಫೋಟೊ ಫಿಲ್ಮ್ಸ್’ ಕಾರ್ಖಾನೆಯನ್ನು ಸ್ಥಾಪಿಸಿ, 1967ರಲ್ಲಿ ಉತ್ಪಾದನೆ ಆರಂಭಿಸಿತು. ‘ಇಂದು’ ಎಂಬ ಹೆಸರಿನ ಅದರ ಕಪ್ಪುಬಿಳುಪು ಫಿಲ್ಮನ್ನು ನಮ್ಮ ಊರುಗಳ ಸ್ಟುಡಿಯೋದವರು ಇಂದಿಗೂ ನೆನೆಯುತ್ತಾರೆ. ಡಿಜಿಟಲ್ ಯುಗದಲ್ಲಿ ಆ ಕಾರ್ಖಾನೆ ಮುಚ್ಚಿಹೋಯಿತು.

ಮೈಸೂರಿನ ಟಿ. ಎಸ್. ಸತ್ಯನ್ (1923-2009) ತಮ್ಮ ಪ್ರಸಿದ್ಧ ಚಿತ್ರಗಳಲ್ಲಿ ಹೆಚ್ಚಿನವನ್ನು ಕಪ್ಪುಬಿಳುಪಿನಲ್ಲಿಯೇ ತೆಗೆದರು. ಬೀದಿಯ ಮಕ್ಕಳು, ದುಡಿಯುವ ಹೆಂಗಸರು, ಸಿಡುಬಿನ ನಿರ್ಮೂಲನಕ್ಕಾಗಿ ಹಳ್ಳಿ ಹಳ್ಳಿ ಅಲೆದ ಆರೋಗ್ಯ ಕಾರ್ಯಕರ್ತರು ಅವರ ಚಿತ್ರಗಳಲ್ಲಿ ಘನತೆಯಿಂದ ನಿಂತಿದ್ದಾರೆ. ಬಡವನ ಹರಿದ ಅಂಗಿಯ ಬಣ್ಣ ಅಲ್ಲಿ ನಮ್ಮ ಕಣ್ಣನ್ನು ಸೆಳೆಯುವುದಿಲ್ಲ. ನೋಟ ನೇರವಾಗಿ ಮುಖಕ್ಕೆ ಹೋಗುತ್ತದೆ.

ಇದಕ್ಕೆ ಎದುರಾದ ವಾದವನ್ನು ಮುಂದಿಟ್ಟವರು ಜೈಪುರದಲ್ಲಿ ಹುಟ್ಟಿದ ರಘುಬೀರ್ ಸಿಂಗ್ (1942-1999). ಭಾರತೀಯರು ಬಣ್ಣದಲ್ಲಿಯೇ ನೋಡುತ್ತಾರೆ, ಬಣ್ಣದಲ್ಲಿಯೇ ಯೋಚಿಸುತ್ತಾರೆ. ಬಣ್ಣವಿಲ್ಲದ ನೋಟ ಪಶ್ಚಿಮದ ವಿಷಾದದಿಂದ ಬಂದದ್ದು ಎಂಬುದು ಅವರ ನಿಲುವು. ಅದಕ್ಕೆ ತಕ್ಕಂತೆ ಗಂಗೆಯ ತೀರದಿಂದ ಹೆದ್ದಾರಿಯವರೆಗೆ ಅವರು ಬಣ್ಣವನ್ನೇ ನೆಚ್ಚಿ ಬಾಳಿದರು. ಸತ್ಯನ್ ಮತ್ತು ರಘುಬೀರ್ ಇಬ್ಬರೂ ಇದೇ ನೆಲದವರು, ಇದೇ ಜನರನ್ನು ಪ್ರೀತಿಸಿದವರು. ಹಾಗಾದರೆ ಸರಿ ಯಾರದು?

ಒಂದೇ ಮಗು, ಎರಡು ಚಿತ್ರ

ಈ ಪ್ರಶ್ನೆಗೆ ಚರಿತ್ರೆಯೇ ಒಂದು ಕಠಿಣ ಪರೀಕ್ಷೆಯನ್ನು ಒಡ್ಡಿತು. 1984ರ ಡಿಸೆಂಬರ್ 2 ಮತ್ತು 3ರ ನಡುವಣ ರಾತ್ರಿ ಭೋಪಾಲದ ಯೂನಿಯನ್ ಕಾರ್ಬೈಡ್ ಕೀಟನಾಶಕ ಕಾರ್ಖಾನೆಯಿಂದ ಮೀಥೈಲ್ ಐಸೋಸಯನೇಟ್ ಎಂಬ ವಿಷಾನಿಲ ಸೋರಿತು. ಮಲಗಿದ್ದ ಸಾವಿರಾರು ಮಂದಿ ಪ್ರಾಣ ಕಳೆದುಕೊಂಡರು. ಲಕ್ಷಾಂತರ ಮಂದಿ ಕಣ್ಣು, ಶ್ವಾಸಕೋಶಗಳ ಬೇನೆಗೆ ತುತ್ತಾದರು. ಗುರುತು ಸಿಗದ ಶವಗಳನ್ನು ಸಾಲು ಸಾಲಾಗಿ ಮಣ್ಣು ಮಾಡಬೇಕಾಯಿತು.

ಅಲ್ಲಿ ಒಂದು ಪುಟ್ಟ ಮಗುವಿನ ಸಮಾಧಿ. ಮಣ್ಣು ಮುಚ್ಚುತ್ತಿರುವಂತೆಯೇ ಹೊರಗುಳಿದ ಮುಖ; ತೆರೆದೇ ಇರುವ, ನೋಡಲಾರದ ಕಣ್ಣುಗಳು. ಇಬ್ಬರು ಛಾಯಾಗ್ರಾಹಕರು ಆ ಮುಖವನ್ನು ಚಿತ್ರಿಸಿದರು. ರಘು ರಾಯ್ ಅವರ ಪ್ರಸಿದ್ಧ ಚಿತ್ರ ಕಪ್ಪುಬಿಳುಪಿನದು. ಪಾಬ್ಲೊ ಬಾರ್ತಲೊಮ್ಯು ಅವರದು ಬಣ್ಣದ್ದು. ಅದಕ್ಕೆ 1984ರ ವರ್ಷದ ‘ವರ್ಲ್ಡ್ ಪ್ರೆಸ್ ಫೋಟೊ’ ಪ್ರಶಸ್ತಿ ದೊರೆಯಿತು. ಎರಡೂ ಚಿತ್ರಗಳು ಲೋಕದ ಮನಸ್ಸಾಕ್ಷಿಯನ್ನು ಅಲುಗಿಸಿದವು.

ಓದುಗರೇ, ಆ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡುವುದು ಸುಲಭವಲ್ಲ. ಕಪ್ಪುಬಿಳುಪಿನದರಲ್ಲಿ ದಿನಾಂಕ, ಊರು ಎಲ್ಲವೂ ಹಿಂದೆ ಸರಿಯುತ್ತವೆ. ಆ ಮಗು ಎಲ್ಲ ಕಾಲದ, ಎಲ್ಲ ಊರಿನ ನಿರಪರಾಧಿ ಶಿಶುವಾಗುತ್ತದೆ. ಬಣ್ಣದ್ದರಲ್ಲಿ ಮಣ್ಣು ಮಣ್ಣಿನ ಬಣ್ಣದ್ದೇ, ಮೈ ಮೈಯ ಬಣ್ಣದ್ದೇ. ಅದು ಎಲ್ಲ ಕಾಲದ ಮಗುವಲ್ಲ, ಮೊನ್ನೆ ಮೊನ್ನೆಯವರೆಗೆ ಒಬ್ಬ ತಾಯಿಯ ತೋಳಲ್ಲಿದ್ದ ಮಗು. ಒಂದು ಚಿತ್ರ ನಮ್ಮನ್ನು ಮೌನಕ್ಕೆ ಕರೆದೊಯ್ಯುತ್ತದೆ, ಮತ್ತೊಂದು ಉತ್ತರ ಕೇಳುತ್ತದೆ. ಶೋಕಿಸುವವರಿಗೆ ಎರಡೂ ಬೇಕು.

ಒಂದನ್ನು ಮೇಲು, ಇನ್ನೊಂದನ್ನು ಕೀಳು ಎನ್ನುವ ವಾದ ಆ ಸಮಾಧಿಯ ಮುಂದೆ ನಿಲ್ಲುವುದಿಲ್ಲ. ಎರಡರಲ್ಲೂ ಆ ಮುಖಕ್ಕೆ ಏನನ್ನೂ ಸೇರಿಸಲಾಗಿಲ್ಲ, ಅದರಿಂದ ಯಾವ ನೋವನ್ನೂ ಮರೆಮಾಚಲಾಗಿಲ್ಲ. ಸತ್ಯದ ಅಳತೆಗೋಲು ಬಣ್ಣದಲ್ಲಿಲ್ಲ, ಈ ನಿಷ್ಠೆಯಲ್ಲಿದೆ.

ಸತ್ತವರಿಗೆ ಬಣ್ಣ ಬಳಿಯುವಾಗ

ಇಂದು ಈ ಪ್ರಶ್ನೆ ಹೊಸ ರೂಪದಲ್ಲಿ ನಮ್ಮ ಮನೆಬಾಗಿಲಿಗೆ ಬಂದಿದೆ. ಗಣಕದ ನೆರವಿನಿಂದ ಹಳೆಯ ಕಪ್ಪುಬಿಳುಪು ಚಿತ್ರಕ್ಕೆ ಬಣ್ಣ ತುಂಬುವುದು ಕ್ಷಣದ ಕೆಲಸವಾಗಿದೆ. 1965ರ ‘ಸತ್ಯ ಹರಿಶ್ಚಂದ್ರ’ 2008ರಲ್ಲಿ, 1971ರ ‘ಕಸ್ತೂರಿ ನಿವಾಸ’ 2014ರಲ್ಲಿ ಬಣ್ಣ ತೊಟ್ಟು ಮತ್ತೆ ತೆರೆಗೆ ಬಂದುದನ್ನು ನೀವು ಬಲ್ಲಿರಿ. ನಟರ ವೇಷಕ್ಕೆ ಬಣ್ಣ ತುಂಬುವುದು ಒಂದು ಮಾತು. ನಿಜವಾಗಿ ಬಾಳಿದ ಮನುಷ್ಯರ ಮುಖಕ್ಕೆ ಬಣ್ಣ ತುಂಬುವುದು ಬೇರೆಯೇ ಮಾತು. ಎರಡು ನಿದರ್ಶನಗಳನ್ನು ನೋಡಿ.

ಪೋಲೆಂಡಿನ ಚೆಸ್ವಾವಾ ಕ್ವೋಕಾ ಹದಿನಾಲ್ಕು ವರ್ಷದ ಕಥೊಲಿಕ ಬಾಲಕಿ. 1942ರ ಡಿಸೆಂಬರಿನಲ್ಲಿ ತಾಯಿಯೊಂದಿಗೆ ಔಶ್ವಿಟ್ಸ್ ಶಿಬಿರಕ್ಕೆ ತರಲ್ಪಟ್ಟ ಆಕೆ 1943ರ ಮಾರ್ಚ್ 12ರಂದು ಸತ್ತಳು. ಅವಳ ಗುರುತಿನ ಚಿತ್ರ ತೆಗೆದವನು ವಿಲ್ಹೆಲ್ಮ್ ಬ್ರಾಸೆ, ಅವನೂ ಒಬ್ಬ ಕೈದಿ. ಚಿತ್ರಕ್ಕೆ ಕೂರುವ ಮುನ್ನ ಕಾವಲುಗಾರ್ತಿಯೊಬ್ಬಳು ಹುಡುಗಿಯನ್ನು ಹೊಡೆದಳು, ಆಕೆ ಕಣ್ಣೀರನ್ನೂ ತುಟಿಯ ರಕ್ತವನ್ನೂ ಒರೆಸಿಕೊಂಡು ಕ್ಯಾಮರಾದೆದುರು ಕುಳಿತಳು ಎಂದು ಅವನು ಬಳಿಕ ಸಾಕ್ಷ್ಯ ನುಡಿದನು. ಚಿತ್ರಗಳನ್ನೆಲ್ಲ ಸುಡಬೇಕೆಂದು 1945ರ ಜನವರಿಯಲ್ಲಿ ಆಜ್ಞೆಯಾದಾಗ ಬ್ರಾಸೆ ಮತ್ತು ಅವನ ಜೊತೆಗಾರ ಅವನ್ನು ಉಳಿಸಿದರು. ಹಾಗೆ 38,000ಕ್ಕೂ ಹೆಚ್ಚು ಮುಖಗಳು ಉಳಿದವು. 2018ರಲ್ಲಿ ಬ್ರೆಜಿಲಿನ ಮರೀನಾ ಅಮರಾಲ್ ಈ ಚಿತ್ರಕ್ಕೆ ಬಣ್ಣ ತುಂಬಿದಳು. ತುಟಿಯ ಗಾಯ ಕೆಂಪಾಯಿತು. ಅಂಗಿಯ ಮೇಲಿನ ರಾಜಕೀಯ ಕೈದಿಯ ತ್ರಿಕೋನವೂ ಕೆಂಪಾಯಿತು. ಎಪ್ಪತ್ತೈದು ವರ್ಷಗಳ ಬಳಿಕ ಲೋಕ ಆ ಹುಡುಗಿಯತ್ತ ಮತ್ತೆ ತಿರುಗಿ ನೋಡಿತು. ಔಶ್ವಿಟ್ಸ್ ಸ್ಮಾರಕ ಸಂಗ್ರಹಾಲಯವೂ ಈ ಕಾರ್ಯದಲ್ಲಿ ಕೈಜೋಡಿಸಿತು.

ಎರಡನೆಯದು ಕಾಂಬೋಡಿಯದ್ದು. 1975ರಿಂದ 1979ರವರೆಗೆ ಖ್ಮೇರ್ ರೂಜ್ ಆಡಳಿತದಲ್ಲಿ ನೋಂಪೆನ್ ನಗರದ ತುವೊಲ್ ಸ್ಲೆಂಗ್ ಸೆರೆಮನೆಗೆ ತಂದ ಸಾವಿರಾರು ಮಂದಿಯನ್ನು ಮೊದಲು ಚಿತ್ರ ತೆಗೆದು, ಹಿಂಸಿಸಿ, ಬಳಿಕ ಕೊಲ್ಲಲಾಯಿತು. 2021ರಲ್ಲಿ ಒಂದು ಅಂತರಜಾಲ ಪತ್ರಿಕೆ ಇವುಗಳಲ್ಲಿ ಕೆಲವನ್ನು ಬಣ್ಣ ತುಂಬಿ ಪ್ರಕಟಿಸಿತು. ಮೂಲದೊಂದಿಗೆ ಹೋಲಿಸಿದಾಗ ಘೋರ ಸಂಗತಿ ಹೊರಬಿತ್ತು. ಕೆಲವು ಮುಖಗಳಿಗೆ ಬಣ್ಣದ ಜೊತೆ ಮುಗುಳ್ನಗೆಯನ್ನೂ ಸೇರಿಸಲಾಗಿತ್ತು! ಸಾವಿನ ಬಾಗಿಲಲ್ಲಿ ನಿಂತವರನ್ನು ನಗಿಸಿದ್ದನ್ನು ಕಾಂಬೋಡಿಯದ ಸರ್ಕಾರವೂ ಸತ್ತವರ ಬಂಧುಗಳೂ ಖಂಡಿಸಿದರು. ಪತ್ರಿಕೆ ಚಿತ್ರಗಳನ್ನು ಹಿಂತೆಗೆದುಕೊಂಡಿತು.

ಎರಡೂ ಕಡೆ ನಡೆದುದು ಬಣ್ಣ ತುಂಬುವ ಕೆಲಸವೇ. ಒಂದು ಕಡೆ ತಿಳಿದ ಸಂಗತಿಯನ್ನು ಆಧರಿಸಿ, ಮೂಲವನ್ನು ಪಕ್ಕದಲ್ಲಿಟ್ಟು, ಮುಖಭಾವವನ್ನು ಮುಟ್ಟದೆ ಮಾಡಿದ ಸೇವೆ. ಇನ್ನೊಂದು ಕಡೆ ನೋಡುವವರ ಹಿತಕ್ಕಾಗಿ ಸತ್ತವರ ನೋವನ್ನು ಅಳಿಸಿದ ಅಪಚಾರ.

ನಮ್ಮ ಮನೆಯ ಚಿತ್ರಗಳು

ಈಗ ಮೊದಲಿನ ಸೋಜಿಗಕ್ಕೆ ಉತ್ತರ ಹೇಳಬಹುದು. ಕಪ್ಪುಬಿಳುಪು ಚಿತ್ರದಲ್ಲಿರುವುದು ಬೆಳ್ಳಿಯ ಕಣ. ಸರಿಯಾಗಿ ತೊಳೆದಿದ್ದರೆ ಅದು ತಲೆಮಾರುಗಳ ಕಾಲ ಬಾಳುತ್ತದೆ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು ತೆಗೆದ ನೂರು ವರ್ಷಕ್ಕೂ ಹಿಂದಿನ ಚಿತ್ರಗಳನ್ನು ಸ್ವಿಟ್ಜರ್ಲೆಂಡಿನ ಬಾಸೆಲ್ ಸಂಗ್ರಹದಲ್ಲಿ ಇಂದಿಗೂ ನೋಡಬಹುದು. ಬಣ್ಣದ ಮುದ್ರಿತ ಚಿತ್ರದಲ್ಲಿ ಬೆಳ್ಳಿಯನ್ನು ತೆಗೆದುಹಾಕಿ ಮೂರು ಬಣ್ಣಗಳ ರಾಸಾಯನಿಕ ಪದರಗಳನ್ನು ಉಳಿಸುತ್ತಾರೆ. ಆ ಕಾಲದ ಚಿತ್ರಗಳಲ್ಲಿ ಹಸಿರುನೀಲಿಯ ಪದರ ಕತ್ತಲಲ್ಲಿಟ್ಟರೂ ಮೊದಲು ಮಾಸುತ್ತಿತ್ತು. ಅದು ಮಾಸಿದಾಗ ಉಳಿಯುವುದು ಕೆಂಪು.

ಇಂದು ನಮ್ಮ ಕೈಯಲ್ಲಿರುವ ಮೊಬೈಲ್ ಕೂಡ ಮ್ಯಾಕ್ಸ್‌ವೆಲ್ಲನ ಸೂತ್ರದಂತೆಯೇ ಕೆಂಪು, ಹಸಿರು, ನೀಲಿ ಸೋಸುಗಗಳ ಮೂಲಕ ನೋಡುತ್ತದೆ. ಬಣ್ಣ ತಾನಾಗಿ ಬರುತ್ತದೆ. ಕಪ್ಪುಬಿಳುಪು ಬೇಕಿದ್ದರೆ ಒಂದು ಬೆರಳ ಸ್ಪರ್ಶ ಸಾಕು. ಆಯ್ಕೆ ಇಷ್ಟು ಸುಲಭವಾದಾಗಲೇ ವಿವೇಕ ಹೆಚ್ಚು ಬೇಕು. ಹಬ್ಬದ ಮೆರವಣಿಗೆ, ತೋಟದ ಹೂ, ಮದುಮಗಳ ಸೀರೆಯ ಚಿತ್ರಗಳಲ್ಲಿ ಬಣ್ಣವೇ ಸುದ್ದಿ, ಅದನ್ನು ಕಿತ್ತುಕೊಳ್ಳಬೇಡಿ. ಅಜ್ಜಿಯ ಸುಕ್ಕುಗಟ್ಟಿದ ಕೈ, ಜಪಸರ ಹಿಡಿದ ಬೆರಳು, ಕಿಟಕಿಯ ಬೆಳಕಲ್ಲಿ ಕುಳಿತ ಅಜ್ಜನ ಮುಖದಲ್ಲಿ ಬೆಳಕೇ ಸುದ್ದಿ. ಅಲ್ಲಿ ಬಣ್ಣ ಬಿಟ್ಟರೂ ನಷ್ಟವಿಲ್ಲ.

ಹಿರಿಯರ ಹಳೆಯ ಚಿತ್ರಕ್ಕೆ ಬಣ್ಣ ತುಂಬಿಸುವ ಆಸೆ ನಿಮಗಿದ್ದರೆ ತಪ್ಪೇನಿಲ್ಲ. ಆದರೆ ಯಂತ್ರಕ್ಕೆ ನಿಮ್ಮ ಮುತ್ತಜ್ಜಿಯ ಸೀರೆ ಕೆಂಪೋ ಹಸಿರೋ ಎಂಬುದು ತಿಳಿಯದು. ಅದು ಊಹಿಸುತ್ತದೆ, ಅಷ್ಟೇ. ಮನೆಯ ಹಿರಿಯರು ಇನ್ನೂ ನಮ್ಮೊಡನಿದ್ದಾರೆ. ಮೊದಲು ಅವರನ್ನು ಕೇಳಿ. ಆ ಪ್ರಶ್ನೆಯೇ ಒಂದು ಸಂಜೆಯ ಮಾತಾಗಿ, ಮರೆತ ಎಷ್ಟೋ ಕಥೆಗಳನ್ನು ಹೊರತಂದೀತು. ಮೂಲ ಚಿತ್ರವನ್ನು ಮಾತ್ರ ಎಂದಿಗೂ ಎಸೆಯಬೇಡಿ. ತೇವವಿಲ್ಲದ, ಬಿಸಿಲು ತಾಕದ ಜಾಗದಲ್ಲಿಡಿ. ಮಾಸುತ್ತಿರುವ ಬಣ್ಣದ ಚಿತ್ರಗಳನ್ನು ತಡಮಾಡದೆ ಸ್ಕ್ಯಾನ್ ಮಾಡಿಸಿ. ಧರ್ಮಕೇಂದ್ರದ ಹಳೆಯ ಸಮೂಹಚಿತ್ರಗಳಿಗೂ ಈ ಮಾತು ಸಲ್ಲುತ್ತದೆ.

ಕೊನೆಯದಾಗಿ ಒಂದು ಮಾತು. ಭೋಪಾಲದ ಆ ಮಗುವನ್ನು ಇಬ್ಬರು ನುರಿತ ಛಾಯಾಗ್ರಾಹಕರು ಚಿತ್ರಿಸಿದರು, ಒಬ್ಬರು ಬಣ್ಣದಲ್ಲಿ, ಒಬ್ಬರು ಕಪ್ಪುಬಿಳುಪಿನಲ್ಲಿ. ಲೋಕವೆಲ್ಲ ಆ ಮುಖವನ್ನು ಕಂಡಿತು. ಆದರೂ ಅದು ಯಾರ ಮಗು, ಅದರ ಹೆಸರೇನು ಎಂಬುದು ತಿಳಿಯಲೇ ಇಲ್ಲ. ಹೆಸರನ್ನು ಬಣ್ಣವೂ ಕೊಡಲಾರದು, ಬೆಳ್ಳಿಯೂ ಕೊಡಲಾರದು. ಅದನ್ನು ಕೊಡಬಲ್ಲವರು ಬಲ್ಲವರು ಮಾತ್ರ. ಈ ಭಾನುವಾರ ಮನೆಯ ಚಿತ್ರಗಳ ಕಟ್ಟನ್ನು ಬಿಚ್ಚಿ, ಮೆದುವಾದ ಪೆನ್ಸಿಲ್ಲಿನಿಂದ ಒಂದೊಂದರ ಬೆನ್ನಿಗೂ ಅದರಲ್ಲಿರುವವರ ಹೆಸರು, ಊರು, ವರ್ಷ ಬರೆದಿಡಿ.